ಇನ್ಫಿನಿಟಿ ಎಂಜಿನ್ ಆಟಗಳ ಮಾಡ್‌ಗಳು: ಅಳವಡಿಕೆಯ ಇತಿಹಾಸ

ಬಿಡುಗಡೆಯಾದ ಕಂಪ್ಯೂಟರ್ ಆಟಕ್ಕೆ ಸಾಮಾನ್ಯವಾಗಿ ಆಟಗಾರರೇ ಬರೆದು ಸೇರಿಸುವ ಮಾರ್ಪಾಡಿಗೆ ಮಾಡ್ ಎಂದು ಹೆಸರು. ಹೊಸ ಸಂಗಾತಿ ಪಾತ್ರ, ಕೈಬಿಟ್ಟುಹೋದ ಕಥಾಭಾಗ, ದೋಷಗಳ ತಿದ್ದುಪಡಿ, ಇನ್ನಷ್ಟು ಜಾಣರಾದ ಶತ್ರುಗಳು ಎಲ್ಲವೂ ಇದರಲ್ಲಿ ಸೇರುತ್ತವೆ. ರೋಲ್ ಪ್ಲೇಯಿಂಗ್ ಆಟಗಳ ಪೈಕಿ ಮಾಡ್ ಅಳವಡಿಸುವ ಕ್ರಮ ಹೇಗೆ ರೂಪುಗೊಂಡಿತೆಂದು ತಿಳಿಯಲು ಇನ್ಫಿನಿಟಿ ಎಂಜಿನ್ ಆಟಗಳಷ್ಟು ಒಳ್ಳೆಯ ಉದಾಹರಣೆ ಬೇರೆ ಇಲ್ಲ. ಕೆನಡಾದ ಎಡ್ಮಂಟನ್ ನಗರದ ಬಯೋವೇರ್ ಸಂಸ್ಥೆ ಈ ಎಂಜಿನ್, ಅಂದರೆ ಆಟವನ್ನು ನಡೆಸುವ ಮೂಲ ತಂತ್ರಾಂಶ, ಬಳಸಿ 1998ರ ಡಿಸೆಂಬರ್‌ನಲ್ಲಿ ‘ಬಾಲ್ಡರ್ಸ್ ಗೇಟ್’ ಹೊರತಂದಿತು, ಐದು ಸಿ.ಡಿ.ಗಳ ಆಟ ಅದು. 1999ರಲ್ಲಿ ‘ಪ್ಲೇನ್‌ಸ್ಕೇಪ್: ಟಾರ್ಮೆಂಟ್’, 2000ದಲ್ಲಿ ‘ಐಸ್‌ವಿಂಡ್ ಡೇಲ್’ ಮತ್ತು ‘ಬಾಲ್ಡರ್ಸ್ ಗೇಟ್ 2’, 2001ರಲ್ಲಿ ಅದರ ವಿಸ್ತರಣೆ ‘ಥ್ರೋನ್ ಆಫ್ ಭಾಲ್’, 2002ರಲ್ಲಿ ‘ಐಸ್‌ವಿಂಡ್ ಡೇಲ್ 2’ ಬಂದವು.

ಈ ಆಟಗಳೊಂದಿಗೆ ಮಾಡ್ ತಯಾರಿಸುವ ಅಧಿಕೃತ ಸಲಕರಣೆ ಏನೂ ಬರಲಿಲ್ಲ. ಆದರೂ ಬಾಗಿಲು ತೆರೆದೇ ಇತ್ತು. ಆಟದ ಚಿತ್ರ, ಧ್ವನಿ, ಪಾತ್ರ, ಆಯುಧ, ಮಂತ್ರಗಳೆಲ್ಲ ಬಿಐಎಫ್ ಎಂಬ ದೊಡ್ಡ ಕಡತಗಳೊಳಗೆ ತುಂಬಿರುತ್ತವೆ. ಯಾವುದು ಎಲ್ಲಿದೆ ಎಂಬ ಸೂಚಿ ‘ಚಿಟಿನ್.ಕೀ’ ಎಂಬ ಕಡತದಲ್ಲಿರುತ್ತದೆ. ಪಕ್ಕದಲ್ಲೇ ‘ಓವರ್‌ರೈಡ್’ ಎಂಬ ಫೋಲ್ಡರ್. ಬಿಐಎಫ್‌ನೊಳಗಿನ ಕಡತದ ಹೆಸರನ್ನೇ ಹೊತ್ತ ಕಡತವೊಂದು ಓವರ್‌ರೈಡ್‌ನಲ್ಲಿ ಸಿಕ್ಕರೆ ಎಂಜಿನ್ ಮೂಲವನ್ನು ಬಿಟ್ಟು ಅದನ್ನೇ ಓದುತ್ತದೆ. ಹಾಗಾಗಿ ಮೂಲ ಆಟವನ್ನು ಮುಟ್ಟದೆಯೇ ಕತ್ತಿಯೊಂದರ ಹಾನಿಯನ್ನು ಬದಲಿಸಲು ಒಂದು ಪುಟ್ಟ ಕಡತವನ್ನು ಅಲ್ಲಿಗೆ ನಕಲು ಮಾಡಿದರೆ ಸಾಕಿತ್ತು. ಮೊದಲ ವರ್ಷಗಳಲ್ಲಿ ಮಾಡ್ ಅಳವಡಿಸುವುದೆಂದರೆ ಇಷ್ಟೇ: ಜಿಪ್ ಬಿಚ್ಚು, ಓವರ್‌ರೈಡ್‌ಗೆ ಹಾಕು.

ಕಷ್ಟ ಶುರುವಾದದ್ದು ಮಾತುಗಳಿಂದ. ಆಟದ ಸಂಭಾಷಣೆ, ವಸ್ತುಗಳ ಹೆಸರು, ವಿವರಣೆ ಎಲ್ಲವೂ ‘ಡೈಲಾಗ್.ಟಿಎಲ್‌ಕೆ’ ಎಂಬ ಒಂದೇ ಕಡತದಲ್ಲಿ ಕ್ರಮಸಂಖ್ಯೆ ಹೊತ್ತು ಕೂತಿರುತ್ತವೆ. ‘ಥ್ರೋನ್ ಆಫ್ ಭಾಲ್’ ಹೊತ್ತಿಗೆ ಇಂಥ ಸಾಲುಗಳು 70 ಸಾವಿರ ದಾಟಿದ್ದವು. ಕತ್ತಿಯ ಕಡತದಲ್ಲಿ ಕತ್ತಿಯ ಹೆಸರಿರುವುದಿಲ್ಲ, ಆ ಹೆಸರು ಎಷ್ಟನೆಯ ಸಾಲಿನಲ್ಲಿದೆ ಎಂಬ ಸಂಖ್ಯೆ ಇರುತ್ತದೆ. ಹೊಸ ಪಾತ್ರ ಮಾತನಾಡಬೇಕಾದರೆ ಮಾಡ್ ಬರೆದವರು ಈ ಕಡತದ ಕೊನೆಗೆ ತಮ್ಮ ಸಾಲುಗಳನ್ನು ಸೇರಿಸಿ, ಇಡೀ ಕಡತವನ್ನೇ ಹಂಚಬೇಕಿತ್ತು. ಇಬ್ಬರು ಲೇಖಕರು ಹೀಗೆ ಮಾಡಿದರೆ ಇಬ್ಬರ ಸಾಲುಗಳೂ ಅದೇ ಸಂಖ್ಯೆಗಳಿಂದ ಶುರು. ಎರಡನೆಯ ಮಾಡ್ ಹಾಕಿದ ಕೂಡಲೇ ಮೊದಲನೆಯದರ ಪಾತ್ರಗಳು ಇನ್ನೊಬ್ಬರ ಮಾತನ್ನು ಆಡತೊಡಗುತ್ತಿದ್ದವು. ಸಾಮಾನ್ಯ ಕಡತಗಳಿಗೂ ಇದೇ ಗತಿ: ಒಂದೇ ಅಂಗಡಿಗೆ ಇಬ್ಬರೂ ಹೊಸ ಸರಕು ಸೇರಿಸಿದ್ದರೆ ಕೊನೆಗೆ ಬಂದವರದ್ದು ಮಾತ್ರ ಉಳಿಯುತ್ತಿತ್ತು. ಹಾಗಾಗಿ ದೊಡ್ಡ ಮಾಡ್ ಹಾಕುವವರು ಆ ಒಂದಕ್ಕೇ ತೃಪ್ತಿಪಡಬೇಕಿತ್ತು. ಮೊದಲ ಆಟಕ್ಕೆ ಟೀಮ್‌ಬಿಜಿ ತಂಡದಿಂದ ಬಂದ ‘ಡಾರ್ಕ್ ಸೈಡ್ ಆಫ್ ದ ಸ್ವೋರ್ಡ್ ಕೋಸ್ಟ್’ ಈ ಕಾಲದ ಹೆಸರಾಂತ ಮಾಡ್.

2002ರ ಸುಮಾರಿಗೆ ವೆಸ್ಲಿ ವೈಮರ್ ಈ ಗಂಟನ್ನು ಬಿಡಿಸಿದರು. ಆಗ ಅವರು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನದ ಸಂಶೋಧನಾ ವಿದ್ಯಾರ್ಥಿ. ಒಕ್ಯಾಮಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅವರು ಬರೆದ ‘ವೈಡು’ ಎಂಬ ಸಾಧನ, ಕಡತವನ್ನು ಹಂಚುವ ಬದಲು ಕಡತದಲ್ಲಿ ಏನನ್ನು ಬದಲಿಸಬೇಕೆಂಬ ಆದೇಶವನ್ನು ಹಂಚುತ್ತದೆ. ‘ಈ ಅಂಗಡಿಯಲ್ಲಿ ಈಗ ಏನಿದೆಯೋ ಇರಲಿ, ಈ ಒಂದು ಕತ್ತಿಯನ್ನು ಸೇರಿಸು’ ಎನ್ನುವುದು ಆದೇಶದ ಬಗೆ. ಮಾತುಗಳಿಗೂ ಹಾಗೆಯೇ: ಆಟಗಾರನ ಗಣಕದಲ್ಲಿ ಆ ಕ್ಷಣಕ್ಕೆ ಖಾಲಿಯಿರುವ ಮುಂದಿನ ಸಂಖ್ಯೆಯನ್ನು ವೈಡು ತಾನೇ ಹುಡುಕಿ ಕೊಡುತ್ತದೆ. ಪಠ್ಯವನ್ನು ಬೇರೆ ಕಡತದಲ್ಲಿಡುವುದರಿಂದ ಒಂದೇ ಮಾಡ್ ಹಲವು ಭಾಷೆಗಳಲ್ಲಿ ಸಿಗುವುದೂ ಸುಲಭವಾಯಿತು. ವೈಮರ್ ಮುಂದೆ ಪ್ರಾಧ್ಯಾಪಕರಾಗಿ, ಪ್ರೋಗ್ರಾಂಗಳ ದೋಷವನ್ನು ಪ್ರೋಗ್ರಾಂನಿಂದಲೇ ದುರಸ್ತಿ ಮಾಡಿಸುವ ‘ಜೆನ್‌ಪ್ರಾಗ್’ ಸಂಶೋಧನೆಯಿಂದ ಹೆಸರಾದರು. ಇನ್ನೊಬ್ಬರ ಕೋಡನ್ನು ಕೆಡಿಸದೆ ಅದರೊಳಗೆ ಕೈಯಾಡಿಸುವ ಅದೇ ಕಾಳಜಿ ವೈಡುವಿನಲ್ಲೂ ಕಾಣುತ್ತದೆ. ಈ ಆಟಗಳು ಇಂದಿಗೂ ಜೀವಂತವಾಗಿರುವುದಕ್ಕೆ ಬೇರಾವ ಒಂದು ಕಾರಣಕ್ಕಿಂತ ಹೆಚ್ಚಿನ ಪಾಲು ಈ ಪುಟ್ಟ ಸಾಧನದ್ದು.

ವೈಡು ಮಾಡ್‌ನ ಅಳವಡಿಕೆ ನೋಡಲು ಸರಳ. ಬಿಚ್ಚಿದ ಮಾಡನ್ನು ಆಟದ ಮುಖ್ಯ ಫೋಲ್ಡರ್‌ನಲ್ಲಿ, ಅಂದರೆ ಚಿಟಿನ್.ಕೀ ಇರುವಲ್ಲಿಯೇ ಇಡಬೇಕು. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ಫೋಲ್ಡರ್‌ನೊಳಗೆ ಇನ್ನೊಂದು ಫೋಲ್ಡರ್ ಆಗಿ ಬಿಚ್ಚಿಕೊಂಡಿದ್ದರೆ ವೈಡು ಆಟವನ್ನು ಗುರುತಿಸುವುದಿಲ್ಲ. ‘ಸೆಟಪ್’ ಎಂದು ಶುರುವಾಗುವ ಹೆಸರಿನ ಪ್ರೋಗ್ರಾಂ ಒತ್ತಿದರೆ ಕಪ್ಪು ಕಿಟಕಿ ತೆರೆಯುತ್ತದೆ. ಮೊದಲು ಭಾಷೆ ಕೇಳುತ್ತದೆ, ಆಮೇಲೆ ಮಾಡ್‌ನ ಒಂದೊಂದು ಘಟಕಕ್ಕೂ ಐ, ಎನ್, ಕ್ಯೂ ಅಕ್ಷರಗಳಲ್ಲಿ ಒಂದನ್ನು ಒತ್ತಲು ಹೇಳುತ್ತದೆ: ಹಾಕು, ಬೇಡ, ಹೊರಡು. ಮಾಡಿದ ಕೆಲಸವೆಲ್ಲ ‘ವೈಡು.ಲಾಗ್’ನಲ್ಲಿ ದಾಖಲಾಗುತ್ತದೆ; ಪ್ರತಿ ಸಾಲಿನಲ್ಲಿ ಮಾಡ್‌ನ ಹೆಸರು, ಭಾಷೆಯ ಸಂಖ್ಯೆ, ಘಟಕದ ಸಂಖ್ಯೆ. ಆಟ ಕೆಟ್ಟಾಗ ನೆರವು ಕೇಳಿದರೆ ಅನುಭವಿಗಳು ಮೊದಲು ಕೇಳುವುದು ಈ ದಾಖಲೆಯನ್ನೇ.

ದಾಖಲೆಯಲ್ಲಿ ಕ್ರಮವೇ ಮುಖ್ಯ. ಬದಲಿಸುವ ಮುನ್ನ ವೈಡು ಪ್ರತಿ ಕಡತದ ಪ್ರತಿಯನ್ನು ಎತ್ತಿಡುತ್ತದೆ. ನಡುವಿನ ಮಾಡೊಂದನ್ನು ತೆಗೆಯಬೇಕಾದರೆ ಅದರ ನಂತರ ಹಾಕಿದ್ದೆಲ್ಲವನ್ನೂ ಕಳಚಿ, ಅದನ್ನು ತೆಗೆದು, ಉಳಿದವನ್ನು ಮತ್ತೆ ಜೋಡಿಸುತ್ತದೆ. ಆದ್ದರಿಂದ ದೋಷ ತಿದ್ದುವ ‘ಫಿಕ್ಸ್‌ಪ್ಯಾಕ್’ ಮೊದಲು, ಕಥೆ ಮತ್ತು ಸಂಗಾತಿಗಳನ್ನು ತರುವವು ಆಮೇಲೆ, ನಿಯಮ ಬದಲಿಸುವವು ಕೊನೆಯ ಕಡೆಗೆ ಎಂಬ ವಾಡಿಕೆ ಬೆಳೆಯಿತು. ಶತ್ರುಗಳ ಯುದ್ಧತಂತ್ರವನ್ನು ಸುಧಾರಿಸುವ ‘ಸ್ವೋರ್ಡ್ ಕೋಸ್ಟ್ ಸ್ಟ್ರಾಟಜೆಮ್ಸ್’ ಬಹುಮಟ್ಟಿಗೆ ಕೊನೆಗೇ ಬರಬೇಕು, ಏಕೆಂದರೆ ಅಲ್ಲಿಯವರೆಗೆ ಸೇರಿದ ಜೀವಿಗಳನ್ನೆಲ್ಲ ನೋಡಿ ಅದು ಅವುಗಳಿಗೆ ಬುದ್ಧಿ ತುಂಬುತ್ತದೆ. ಇನ್ನೊಂದು ಮಾತು: ನೋಡಿ ಬಂದ ಸ್ಥಳಗಳ ಸ್ಥಿತಿ ಉಳಿಸಿಟ್ಟ ಆಟದೊಳಗೆ ಸೇರಿಹೋಗಿರುತ್ತದೆ. ಮಾಡ್ ಹಾಕಿದ ಮೇಲೆ ಆಟವನ್ನು ಹೊಸದಾಗಿ ಆರಂಭಿಸಬೇಕೆನ್ನುವುದು ಇದಕ್ಕೇ.

ಅದೇ 2002ರಲ್ಲಿ ಬಂದ ‘ಮಾರೋವಿಂಡ್’ ಎಂಬ ಇನ್ನೊಂದು ರೋಲ್ ಪ್ಲೇಯಿಂಗ್ ಆಟ ಬೇರೆ ದಾರಿ ಹಿಡಿದಿತ್ತು. ಅದರ ಜೊತೆಗೆ ತಯಾರಕ ಸಂಸ್ಥೆ ಬೆಥೆಸ್ಡಾ ‘ಕನ್‌ಸ್ಟ್ರಕ್ಷನ್ ಸೆಟ್’ ಎಂಬ ತಯಾರಿಕಾ ಸಲಕರಣೆಯನ್ನೇ ಕೊಟ್ಟಿತು. ಅಲ್ಲಿ ಮಾಡ್‌ಗಳು ಪ್ರತ್ಯೇಕ ಕಡತಗಳಾಗಿಯೇ ಉಳಿದು ಆಟ ತೆರೆಯುವಾಗ ಒಂದರ ಮೇಲೊಂದು ಕೂರುತ್ತವೆ. ಪಟ್ಟಿಯಲ್ಲಿ ಗುರುತು ತೆಗೆದರೆ ಮಾಡ್ ನಿಂತಿತು. ಇನ್ಫಿನಿಟಿ ಎಂಜಿನ್‌ನಲ್ಲಾದರೋ ಬದಲಾವಣೆ ಅಳವಡಿಸುವ ಗಳಿಗೆಯಲ್ಲೇ ಆಟದ ಕಡತಗಳಿಗೆ ಇಳಿದುಬಿಡುತ್ತದೆ. ಮೊದಲನೆಯದು ಸಲೀಸು. ಎರಡನೆಯದು ಎಚ್ಚರ ಬೇಡುತ್ತದೆ, ಆದರೆ ಮಾಡ್‌ಗಳು ಒಂದನ್ನೊಂದು ಗಮನಿಸಿ ಹೊಂದಿಕೊಳ್ಳಲು ಹೆಚ್ಚು ಅವಕಾಶ ಕೊಡುತ್ತದೆ.

ವೈಡು ಬಂದ ಮೇಲೆ ಪಾಕೆಟ್ ಪ್ಲೇನ್ ಗ್ರೂಪ್, ಗಿಬರ್ಲಿಂಗ್ಸ್ ತ್ರೀ, ಸ್ಪೆಲ್‌ಹೋಲ್ಡ್ ಸ್ಟುಡಿಯೋಸ್ ಎಂಬ ತಂಡಗಳಿಂದ ಮಾಡ್‌ಗಳು ಹೊಳೆಯಾಗಿ ಹರಿದವು. ‘ಅನ್‌ಫಿನಿಶ್ಡ್ ಬಿಸಿನೆಸ್’ ಆಟದೊಳಗೆ ಅರ್ಧಕ್ಕೇ ಬಿಟ್ಟಿದ್ದ ಪ್ರಸಂಗಗಳನ್ನು ಪೂರ್ತಿಗೊಳಿಸಿತು. ಬಯೋವೇರ್‌ನ ಲೇಖಕ ಡೇವಿಡ್ ಗೈಡರ್ ತಮ್ಮ ಬಿಡುವಿನಲ್ಲಿ ‘ಅಸೆನ್ಶನ್’ ಬರೆದು ‘ಥ್ರೋನ್ ಆಫ್ ಭಾಲ್’ನ ಕೊನೆಯ ಕಾಳಗವನ್ನು ಹಿಗ್ಗಿಸಿದರು, ಎದುರಾಳಿ ಬಾಲ್ತಜಾರ್‌ನನ್ನು ಒಲಿಸಿಕೊಳ್ಳುವ ಹಾದಿಯೂ ಅದರಲ್ಲಿದೆ. ಅದನ್ನು ವೈಡುವಿಗೆ ತಂದವರು ವೈಮರ್. ಕಥೆ ಬರೆದವನೇ ತನ್ನ ಅಂತ್ಯವನ್ನು ಆಟಗಾರರ ಸಾಲಿನಲ್ಲಿ ನಿಂತು ತಿದ್ದಿಬರೆದದ್ದು ಈ ಇತಿಹಾಸದ ಅತ್ಯಂತ ಹೃದ್ಯ ಘಟನೆ. ‘ಟುಟು’ ಮೊದಲ ಆಟವನ್ನು ಎರಡನೆಯದರ ಎಂಜಿನ್‌ಗೆ ತಂದರೆ, ‘ಬಾಲ್ಡರ್ಸ್ ಗೇಟ್ ಟ್ರಿಲಜಿ’ ಎರಡನ್ನೂ ಹೊಲಿದು ಒಂದೇ ಪಯಣವಾಗಿಸಿತು. ಮೊದಲ ಆಟ 640×480 ಅಳತೆಯ ಪರದೆಗೆಂದು ತಯಾರಾಗಿತ್ತು. ‘ವೈಡ್‌ಸ್ಕ್ರೀನ್ ಮಾಡ್’ ಅದನ್ನು ಇಂದಿನ ಪರದೆಗಳಿಗೆ ಹಿಗ್ಗಿಸಿತು. ಎಂಜಿನ್ನನ್ನೇ ಮುಕ್ತ ತಂತ್ರಾಂಶವಾಗಿ ಮರುಸೃಷ್ಟಿಸುವ ‘ಜೆಮ್‌ಆರ್‌ಬಿ’ ಯೋಜನೆಯಿಂದ ಈ ಆಟಗಳು ಲಿನಕ್ಸ್‌ನಲ್ಲೂ ಓಡುತ್ತವೆ.

ಈ ನಡುವೆ ವಿಂಡೋಸ್ ವಿಸ್ಟಾ ಬಂದು ಹೊಸ ತೊಡಕು ತಂದಿತು. ‘ಪ್ರೋಗ್ರಾಂ ಫೈಲ್ಸ್’ನೊಳಗೆ ಬರೆಯಲು ಅದು ಅನುಮತಿ ಕೇಳುತ್ತದೆ, ಕೆಲವೊಮ್ಮೆ ಬರೆದದ್ದನ್ನು ಸದ್ದಿಲ್ಲದೆ ಬೇರೆಡೆ ಇಡುತ್ತದೆ. ಆಟವನ್ನು ಆ ಫೋಲ್ಡರ್‌ನ ಹೊರಗೆ ಸ್ಥಾಪಿಸಬೇಕೆಂಬ ಸಲಹೆ ಆಗಿನಿಂದ ಪ್ರತಿ ಕೈಪಿಡಿಯ ಮೊದಲ ಸಾಲು.

2012ರ ನವೆಂಬರ್‌ನಲ್ಲಿ ಬೀಮ್‌ಡಾಗ್ ಸಂಸ್ಥೆ ‘ಬಾಲ್ಡರ್ಸ್ ಗೇಟ್’ನ ಹೊಸ ಆವೃತ್ತಿ ‘ಎನ್‌ಹ್ಯಾನ್ಸ್ಡ್ ಎಡಿಷನ್’ ಹೊರತಂದಿತು. ಇದರ ಮುಂದಾಳು ಟ್ರೆಂಟ್ ಓಸ್ಟರ್ ಬಯೋವೇರ್‌ನ ಸ್ಥಾಪಕರಲ್ಲೊಬ್ಬರು. ಟುಟು ಮಾಡಿದಂತೆಯೇ ಇಲ್ಲೂ ಮೊದಲ ಆಟ ಎರಡನೆಯದರ ಎಂಜಿನ್ ಮೇಲೆ ನಿಂತಿತು. ಆಟಗಾರರು ವರ್ಷಗಳ ಹಿಂದೆಯೇ ಹಿಡಿದ ದಾರಿ ಅಧಿಕೃತವಾಯಿತು. ಎರಡನೆಯ ಆಟದ ಹೊಸ ಆವೃತ್ತಿ 2013ರಲ್ಲಿ, ಮೊದಲನೆಯದರ ವಿಸ್ತರಣೆ ‘ಸೀಜ್ ಆಫ್ ಡ್ರ್ಯಾಗನ್‌ಸ್ಪಿಯರ್’ 2016ರಲ್ಲಿ ಬಂದವು. ಈ ಆವೃತ್ತಿಗಳ ಪಠ್ಯ ಯುಟಿಎಫ್-8 ಎಂಬ ಅಕ್ಷರಸಂಕೇತದಲ್ಲಿದೆ, ಡೈಲಾಗ್.ಟಿಎಲ್‌ಕೆ ಭಾಷಾವಾರು ಫೋಲ್ಡರ್‌ಗೆ ಸರಿದಿದೆ; ಹೀಗಾಗಿ ಹಳೆಯ ಮಾಡ್‌ಗಳಲ್ಲಿ ಎಷ್ಟನ್ನೋ ಮತ್ತೆ ತಿದ್ದಬೇಕಾಯಿತು. ಆಟ ಮಾರುವ ಸ್ಟೀಮ್‌ನಂಥ ಆನ್‌ಲೈನ್ ಅಂಗಡಿಗಳು ಡ್ರ್ಯಾಗನ್‌ಸ್ಪಿಯರ್ ಅನ್ನು ಜಿಪ್ ಕಟ್ಟಾಗಿ ಕೊಡುವುದರಿಂದ ವೈಡು ಅದರೊಳಗನ್ನು ಓದಲಾರದು. ‘ಡಿಎಲ್‌ಸಿ ಮರ್ಜರ್’ ಎಂಬ ಮಾಡನ್ನು ಎಲ್ಲಕ್ಕಿಂತ ಮೊದಲು ಹಾಕಿ ಆ ಕಟ್ಟನ್ನು ಬಿಚ್ಚಿಸಿಕೊಳ್ಳಬೇಕು. ಸ್ಟೀಮ್ ತಾನಾಗಿ ಆಟವನ್ನು ನವೀಕರಿಸಿ ಜೋಡಣೆ ಕೆಡಿಸದಂತೆ ಇಡೀ ಆಟವನ್ನು ಬೇರೊಂದು ಫೋಲ್ಡರ್‌ಗೆ ನಕಲು ಮಾಡಿ, ಆ ನಕಲಿನ ಮೇಲೆ ಮಾಡ್‌ಗಳನ್ನು ಹಾಕುವುದು ಈಗಿನ ರೂಢಿ. ಕಪ್ಪು ಕಿಟಕಿಯ ಬದಲು ಪಟ್ಟಿಯಲ್ಲೇ ಆರಿಸಿ ಕ್ರಮ ಜೋಡಿಸುವ ‘ಪ್ರಾಜೆಕ್ಟ್ ಇನ್ಫಿನಿಟಿ’ ಎಂಬ ಸಾಧನವೂ ಇದೆ. ಒಳಗೆ ದುಡಿಯುವುದು ಮಾತ್ರ ಈಗಲೂ ವೈಡುವೇ.