ಇದು ಯಾವ ಸೀಮೆಯ ಅಡುಗೆ?

ಮನೆಯಲ್ಲಿ ಹೊಸ ರುಚಿಯೊಂದನ್ನು ಬಡಿಸಿದರೆ ಊಟಕ್ಕೆ ಕೂತವರಲ್ಲಿ ಒಬ್ಬರಾದರೂ ‘ಇದು ಯಾವ ಸೀಮೆಯ ಅಡುಗೆ?’ ಎಂದು ಕೇಳಿಬಿಡುತ್ತಾರೆ. ಅರ್ಧ ಬೈಗುಳ, ಅರ್ಧ ಕುತೂಹಲ. ಹಾಗೆ ಕೇಳುವವರ ಬಾಯಲ್ಲಿರುವ ಈ ‘ಸೀಮೆ’ ನಮ್ಮ ಅಡುಗೆಮನೆಗೆ ಬಹಳ ಹಳೆಯ ನೆಂಟ.

ಸಂಸ್ಕೃತದ ‘ಸೀಮಾ’ ಎಂದರೆ ಎಲ್ಲೆ. ಕೂದಲನ್ನು ಎರಡಾಗಿ ಬಗೆಯುವ ಬೈತಲೆಗೂ ಅದೇ ಬೇರಿನ ‘ಸೀಮಂತ’ ಎಂಬ ಹೆಸರಿದೆ. ಬಸುರಿಗೆ ಮಾಡುವ ಸೀಮಂತ ಶಾಸ್ತ್ರದ ಹೆಸರು ಅಲ್ಲಿಂದ ಬಂದದ್ದು. ಕನ್ನಡದ ದಾನಶಾಸನಗಳು ಕೊಟ್ಟ ಭೂಮಿಯ ಚತುಸ್ಸೀಮೆಯನ್ನು ಹಳ್ಳ, ಮರ, ಕಲ್ಲುಗಳ ಗುರುತಿನಿಂದ ಹೇಳುತ್ತವೆ. ಬರಬರುತ್ತ ಗೆರೆಯ ಹೆಸರು ಗೆರೆಯೊಳಗಿನ ನೆಲಕ್ಕೂ ಬಂತು. ಬಯಲುಸೀಮೆ, ರಾಯಲಸೀಮೆ ಹುಟ್ಟಿದ್ದು ಹಾಗೆ. ತುಳುನಾಡಿನಲ್ಲಂತೂ ಗ್ರಾಮ, ಮಾಗಣೆ, ಸೀಮೆ ಎಂಬ ಲೆಕ್ಕ ಇವತ್ತಿಗೂ ಬದುಕಿದೆ. ಸೀಮೆಗೊಂದು ದೇವಸ್ಥಾನ, ಅದರ ಜಾತ್ರೆಗೆ ಸೀಮೆಯವರೆಲ್ಲ ಸೇರುತ್ತಾರೆ.

ಆಮೇಲೆ ಪದ ಹೊರಳಿತು. ಹಡಗಿನಲ್ಲಿ ಬಂದ ಎಣ್ಣೆ ಸೀಮೆಎಣ್ಣೆಯಾಯಿತು, ಶಾಲೆಯ ಬಳಪ ಸೀಮೆಸುಣ್ಣವಾಯಿತು, ಪರದೇಶದ ತಳಿಯ ಹಸು ಸೀಮೆಹಸುವಾಯಿತು. ತಮಿಳಿನಲ್ಲಿ ‘ಸೀಮೈ’ ಎಂದರೆ ಇಂಗ್ಲೆಂಡ್ ಎಂದೇ ಅರ್ಥವಾಗುವ ಕಾಲವಿತ್ತು. ‘ಬೇರೆ ಸೀಮೆ’ ಎಂಬ ಮಾತಿನ ‘ಬೇರೆ’ ಬಳಸಿ ಬಳಸಿ ಸವೆದುಹೋಗಿರಬೇಕೆಂದು ನನ್ನ ಊಹೆ. ಅಂತೂ ನಮ್ಮೂರಿಗೂ ಹೊರದೇಶಕ್ಕೂ ಒಂದೇ ಪದ ನಿಂತಿತು.

ತರಕಾರಿ ಬುಟ್ಟಿಗೂ ಅದು ಇಳಿಯಿತು. ಮೆಕ್ಸಿಕೊ ಕಡೆಯ ಬಳ್ಳಿಯೊಂದರ ಕಾಯಿಗೆ ನಾವು ಸೀಮೆಬದನೆ ಎಂದೆವು. ಅದನ್ನೇ ತೆಲುಗರೂ ತಮಿಳರೂ ಬೆಂಗಳೂರು ಬದನೆ ಎನ್ನುತ್ತಾರೆ! ನಮಗೆ ಪರದೇಶದ್ದು, ಅವರಿಗೆ ನಮ್ಮದು. ಮಲಯಾಳಿಗಳು ದೀವಿಹಲಸನ್ನು ‘ಶೀಮಚಕ್ಕ’ ಎನ್ನುತ್ತಾರೆ, ಅಂದರೆ ಸೀಮೆಹಲಸು. ಕನ್ನಡದ ‘ದೀವಿ’ಯಲ್ಲಿ ದ್ವೀಪವೇ ಅಡಗಿದೆ, ಈ ಮರ ಪೆಸಿಫಿಕ್ ದ್ವೀಪಗಳ ಕಡೆಯದು.

ತುಳುನಾಡಿನ ಬಿ.ಸಿ. ರೋಡಿನಿಂದ ನೇತ್ರಾವತಿ ಹೊಳೆ ದಾಟಿ ಪಾಣೆಮಂಗಳೂರಿಗೆ ಬಂದರೆ ಇದೇ ಕಾಯಿ ‘ಜೀಗುಜ್ಜೆ’. ತುಳುವಿನಲ್ಲಿ ಎಳೆ ಹಲಸು ಗುಜ್ಜೆ, ಕೊಂಕಣಿಯಲ್ಲಿ ಕಡ್ಗಿ. ವೀರವಿಠಲನ ದೇವಸ್ಥಾನವಿರುವ ಈ ಪೇಟೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ ಒಂದೇ ಅಂಗಡಿಯ ಮುಂದೆ ನಿಂತು ಚೌಕಾಸಿ ಮಾಡುತ್ತವೆ. ಮನೆಗೆ ತಂದ ಜೀಗುಜ್ಜೆಯ ಮೇಣ ಅಂಟದಂತೆ ಕೈಗೂ ಮೆಟ್ಟುಕತ್ತಿಗೂ ತೆಂಗಿನೆಣ್ಣೆ ಸವರಬೇಕು. ಸಿಪ್ಪೆಯನ್ನು ದಪ್ಪಕ್ಕೆ ಹೆರೆದು, ನಡುವಿನ ಗಟ್ಟಿ ದಿಂಡು ತೆಗೆದು, ತೆಳ್ಳಗೆ ಹೋಳು ಮಾಡಿ ನೀರಿಗೆ ಹಾಕಬೇಕು. ಬಸಿದ ಹೋಳಿಗೆ ಮೆಣಸಿನ ಹುಡಿ, ಇಂಗು, ಉಪ್ಪು ಸವರಿ, ಅಕ್ಕಿಹಿಟ್ಟಿನಲ್ಲಿ ಹೊರಳಿಸಿ ಕಾವಲಿಯಲ್ಲಿ ಕಾಯಿಸಿದರೆ ಅಂಚು ಗರಿಗರಿ, ಒಳಗೆ ಬೆಣ್ಣೆಯಂತೆ ಮೆತ್ತಗೆ. ಮಳೆ ಹೊಯ್ಯುವ ಸಂಜೆ ಜೀಗುಜ್ಜೆ ಪೋಡಿಗಿಂತ ಊರಿನದೇ ಆದ ತಿಂಡಿ ಯಾವುದಿದೆ?

ಆ ಪೋಡಿಯ ಲೆಕ್ಕ ಹಾಕಿ ನೋಡಿ: ಕಾಯಿ ಪೆಸಿಫಿಕ್ಕಿನದು, ಇಂಗು ಇರಾನ್–ಅಫ್ಘಾನಿಸ್ತಾನದ ಕಡೆಯದು, ಮೆಣಸು ಪೋರ್ಚುಗೀಸರ ಹಡಗಿನಲ್ಲಿ ಅಮೆರಿಕದಿಂದ ಬಂದದ್ದು. ಈ ಕೆಂಪು ಮೆಣಸಿಗೆ ನಾವು ‘ಸೀಮೆ’ ಎಂಬ ಪಟ್ಟಿಯನ್ನೂ ಅಂಟಿಸಲಿಲ್ಲ. ನಮ್ಮದೇ ಕಾಳಿನ ಹೆಸರನ್ನು ಅದಕ್ಕೆ ಬಿಟ್ಟುಕೊಟ್ಟು, ಮೂಲದ ಮೆಣಸನ್ನು ‘ಒಳ್ಳೆಮೆಣಸು’ ಎಂದು ಬೇರೆ ಮಾಡಿದೆವು. ಇಷ್ಟು ಧಾರಾಳವಾಗಿ ಬಂದವರಿಗೆ ಮಣೆ ಹಾಕಿದ ಇನ್ನೊಂದು ಉದಾಹರಣೆ ನನಗೆ ಹೊಳೆಯುತ್ತಿಲ್ಲ. ಬಟಾಟೆಯ ಕಥೆಯೂ ದೊಡ್ಡದೇ. ಕೆರಿಬಿಯನ್ ದ್ವೀಪಗಳ ಟೈನೊ ಜನ ಗೆಣಸಿಗೆ ಇಟ್ಟಿದ್ದ ಹೆಸರು ಪೋರ್ಚುಗೀಸರ ಬಾಯಲ್ಲಿ ‘ಬಟಾಟ’ ಆಗಿ, ಗೋವೆಯ ದಾರಿಯಲ್ಲಿ ಕರಾವಳಿಗೆ ಬಂತು. ಘಟ್ಟದ ಮೇಲೆ ಆಲೂಗಡ್ಡೆ, ನಮ್ಮಲ್ಲಿ ಬಟಾಟೆ. ಶ್ರಾದ್ಧದ ಅಡುಗೆಗೆ ಅದನ್ನು ಈಗಲೂ ಸೇರಿಸದ ಮನೆಗಳಿವೆ. ಅದೇ ಮನೆಗಳಲ್ಲಿ ಉಳಿದ ದಿನ ಬಟಾಟೆ ಪಲ್ಯವಿಲ್ಲದೆ ಮಸಾಲೆದೋಸೆ ಇಲ್ಲ.

ಈಗಿನ ಗೃಹಿಣಿಯರೂ ಹುಡುಗರೂ ಜೀಗುಜ್ಜೆಯನ್ನು ಮಂಚೂರಿ ಮಾಡುತ್ತಾರೆ, ಗುಜ್ಜೆಯನ್ನು ಬಿರಿಯಾನಿಗೆ ಹಾಕುತ್ತಾರೆ, ತೆಂಗಿನ ಹಾಲಿಗೆ ಹಿತ್ತಿಲ ಮಜ್ಜಿಗೆಹುಲ್ಲು ಜಜ್ಜಿ ಹಾಕಿ ಥಾಯ್ ಧಾಟಿಯ ಸಾರು ಕುದಿಸುತ್ತಾರೆ. ಪುತ್ತೂರಿನಿಂದ ಹೊರಡುವ ‘ಅಡಿಕೆ ಪತ್ರಿಕೆ’ ಹಲಸಿನ ಇಂಥ ಪ್ರಯೋಗಗಳನ್ನು ವರ್ಷಗಟ್ಟಲೆ ಬರೆದು ಊರಿನ ಕಾಯಿಗೆ ಮಾನ ತಂದಿತು. ಇದರಲ್ಲಿ ಕೆಲವು ಕೆಡುತ್ತವೆ, ನಿಜ. ಹುಳಿ, ಖಾರ, ಬೆಲ್ಲದ ಹದ ತಿಳಿಯದೆ ಸಾಸ್ ಸುರಿದರೆ ಜೀಗುಜ್ಜೆಯ ರುಚಿಯೇ ಸಾಯುತ್ತದೆ. ಹದ ಬಲ್ಲವರ ಕೈಯಲ್ಲಿ ಮಾತ್ರ ಹೊರಗಿನದು ಒಳಗಿನದಾಗುತ್ತದೆ. ಅಂಥವರನ್ನು ಕನ್ನಡ ‘ನಿಸ್ಸೀಮರು’ ಎಂದು ಕರೆಯುತ್ತದೆ: ಸೀಮೆ ಇಲ್ಲದವರು.

ಆದ್ದರಿಂದ ಮುಂದಿನ ಸಲ ತಟ್ಟೆಗೆ ಅಪರಿಚಿತವಾದದ್ದು ಬಿದ್ದಾಗ ‘ಯಾವ ಸೀಮೆಯದು?’ ಎಂದು ಕೇಳಿ, ಧಾರಾಳವಾಗಿ ಕೇಳಿ. ಆದರೆ ಉತ್ತರ ಬೇಕೆಂದೇ ಕೇಳಿ, ಮತ್ತು ಅದಕ್ಕೆ ಮೊದಲು ಒಂದು ತುತ್ತು ತಿನ್ನಿ.