ಹಗುರಾದ ತಲೆನೋವು

ಕನ್ನಡ ಪತ್ರಿಕೆಗಳಲ್ಲಿ ಕಸದ ವಿಲೇವಾರಿ ಪಾಲಿಕೆಗೆ ತಲೆನೋವಾಗುತ್ತದೆ, ಬಂಡಾಯ ಅಭ್ಯರ್ಥಿ ಪಕ್ಷಕ್ಕೆ ತಲೆನೋವಾಗಿ ಪರಿಣಮಿಸುತ್ತಾನೆ. ಮನೆಮಾತಿನಲ್ಲಂತೂ ಹಟಮಾರಿ ಮಗುವಿನಿಂದ ಹಿಡಿದು ಕೆಟ್ಟುನಿಂತ ಸ್ಕೂಟರಿನವರೆಗೆ ಎಲ್ಲವೂ ‘ದೊಡ್ಡ ತಲೆನೋವು’. ಕಿರಿಕಿರಿಗೆಲ್ಲ ಇದೇ ಹೆಸರಾಗುತ್ತ ಬಂದುದರಿಂದ ಪದದ ಮೂಲಾರ್ಥ ಹಗುರಾಗಿದ್ದು, ನಿಜವಾಗಿ ತಲೆ ನೋಯುತ್ತಿರುವವರ ಮಾತು ನೆಪದಂತೆ ಕೇಳಿಸತೊಡಗಿದೆ.

ಇದರಿಂದ ಹೆಚ್ಚು ಅನ್ಯಾಯವಾಗಿರುವುದು ‘ಅರೆತಲೆನೋವು’ ಎಂಬ ಪದಕ್ಕೆ. ಇಲ್ಲಿನ ‘ಅರೆ’ ತಲೆಯ ಅರ್ಧಭಾಗವನ್ನು ಸೂಚಿಸುತ್ತದೆಯೇ ಹೊರತು ನೋವಿನ ಪ್ರಮಾಣವನ್ನಲ್ಲ. ಅರ್ಧತಲೆಯನ್ನು ಸೀಳುವಂಥದು ಎಂಬ ಅರ್ಥದ ಆಯುರ್ವೇದದ ‘ಅರ್ಧಾವಭೇದಕ’ವೂ, ‘ಮೈಗ್ರೇನ್’ ಪದಕ್ಕೆ ಮೂಲವಾದ ಗ್ರೀಕಿನ ‘ಹೆಮಿಕ್ರಾನಿಯಾ’ವೂ ಇದೇ ಲಕ್ಷಣವನ್ನು ಹಿಡಿದು ಹುಟ್ಟಿದ ಹೆಸರುಗಳು. ಚಿಕಿತ್ಸೆಯಿಲ್ಲದಿದ್ದರೆ ವಯಸ್ಕರಲ್ಲಿ ಸಾಮಾನ್ಯವಾಗಿ 4ರಿಂದ 72 ಗಂಟೆಗಳವರೆಗೆ ಉಳಿಯುವ ಈ ನೋವಿನಲ್ಲಿ ವಾಕರಿಕೆ ಬರುತ್ತದೆ, ಬೆಳಕು ಸದ್ದುಗಳನ್ನು ಸಹಿಸಲಾಗುವುದಿಲ್ಲ, ಮೆಟ್ಟಿಲು ಹತ್ತಿದರೂ ನೋವು ಏರುತ್ತದೆ. ಕೆಲವರಿಗೆ ನೋವಿಗೆ ಮೊದಲೇ ಕಣ್ಣೆದುರು ಅಂಕುಡೊಂಕಾದ ಹೊಳೆಯುವ ಗೆರೆಗಳು ಕಾಣಿಸುತ್ತವೆ, ಇದನ್ನು ವೈದ್ಯರು ‘ಔರಾ’ ಎನ್ನುತ್ತಾರೆ.

ವಿಚಿತ್ರವೆಂದರೆ ಮಿದುಳಿನ ಅಂಗಾಂಶಕ್ಕೆ ನೋವಿನ ಅರಿವೇ ಇಲ್ಲ. ನೋಯುವುದು ಅದನ್ನು ಸುತ್ತುವರಿದ ಪೊರೆಗಳು, ರಕ್ತನಾಳಗಳು ಮತ್ತು ತಲೆ-ಕತ್ತುಗಳ ಸ್ನಾಯುಗಳು. ಮುಖಕ್ಕೂ ತಲೆಗೂ ಮೂರು ಕವಲುಗಳಾಗಿ ಹರಡುವ ಟ್ರೈಜೆಮಿನಲ್ ನರವು ಈ ನೋವಿನ ಬಹುಭಾಗವನ್ನು ಮಿದುಳಿಗೆ ಮುಟ್ಟಿಸುತ್ತದೆ. ರಕ್ತನಾಳಗಳು ಹಿಗ್ಗುವುದೇ ಮೈಗ್ರೇನಿನ ಮೂಲವೆಂದು ಹಿಂದೆ ನಂಬಲಾಗಿತ್ತಾದರೂ, ಇಂದು ಅದನ್ನು ಬಹುಮಟ್ಟಿಗೆ ವಂಶಪಾರಂಪರ್ಯವಾಗಿ ಬರುವ, ನಿದ್ದೆಗೇಡು, ಉಪವಾಸ, ಮುಟ್ಟಿನಂಥ ಏರುಪೇರುಗಳಿಗೆ ಕೆರಳುವ ನರಮಂಡಲದ ತೊಂದರೆಯೆಂದು ತಿಳಿಯಲಾಗುತ್ತದೆ. ಇದಕ್ಕಿಂತ ಸಾಮಾನ್ಯವಾದ ಒತ್ತಡದ ತಲೆನೋವು ತಲೆಯ ಎರಡೂ ಬದಿಯನ್ನು ಬಿಗಿಯುತ್ತದೆ. ‘ತಲೆ ಸಿಡಿಯುತ್ತಿದೆ’, ‘ತಲೆ ಬಿಗಿಹಿಡಿದಿದೆ’ ಎಂಬ ಆಡುಮಾತುಗಳಲ್ಲಿ ಈ ವ್ಯತ್ಯಾಸ ಆಗಲೇ ಇದೆ, ಮತ್ತು ರೋಗಿ ಅವನ್ನೇ ಬಳಸಿ ವಿವರಿಸಿದರೆ ವೈದ್ಯರಿಗೆ ನಿಜವಾದ ನೆರವಾಗುತ್ತದೆ.

ಆದರೆ ನೆಪವೆಂದು ನಗುವವರಿಗೆ ಅಂಜಿ ಎಷ್ಟೋ ಮಂದಿ, ಅದರಲ್ಲೂ ಮೈಗ್ರೇನಿಗೆ ಪುರುಷರಿಗಿಂತ ಹೆಚ್ಚಾಗಿ ತುತ್ತಾಗುವ ಮಹಿಳೆಯರು, ಏನನ್ನೂ ಹೇಳದೆ ಅಂಗಡಿಯ ಮಾತ್ರೆ ನುಂಗಿ ಕೆಲಸಕ್ಕೆ ನಿಲ್ಲುತ್ತಾರೆ. ಪ್ಯಾರಾಸಿಟಮಾಲಿನಂಥ ಸಾಮಾನ್ಯ ನೋವುನಿವಾರಕವನ್ನೂ ತಿಂಗಳಿಗೆ 15 ಅಥವಾ ಹೆಚ್ಚು ದಿನ, ಮೂರು ತಿಂಗಳಿಗೂ ಮೀರಿ ಸೇವಿಸುತ್ತ ಹೋದರೆ ಆ ಮಾತ್ರೆಯೇ ಹೊಸ ತಲೆನೋವಿಗೆ ಕಾರಣವಾಗಬಲ್ಲದು.