ಗ್ರಂಥ, ಪರಂಪರೆ, ಧರ್ಮಸಭೆ: ಕ್ಯಾಥೊಲಿಕ್–ಪ್ರೊಟೆಸ್ಟೆಂಟ್ ವಾದದ ಚರಿತ್ರೆ

ಕ್ರೈಸ್ತ ನಂಬಿಕೆಗೆ ಅಂತಿಮ ಪ್ರಮಾಣ ಬೈಬಲ್ ಒಂದೆಯೆ, ಅಥವಾ ಪ್ರೇಷಿತರ ಕಾಲದಿಂದ ಧರ್ಮಸಭೆಯಲ್ಲಿ ಉಳಿದುಬಂದ ಪರಂಪರೆಗೂ ಆ ಸ್ಥಾನವಿದೆಯೆ, ಇವೆರಡರ ಅರ್ಥವನ್ನು ನಿರ್ಣಯಿಸಬೇಕಾದವರು ಯಾರು ಎಂಬುದನ್ನು ಕುರಿತು ಯುರೋಪಿನಲ್ಲಿ 16ನೇ ಶತಮಾನದಿಂದ ನಡೆದುಬಂದ ವಾದ. ಪ್ರೊಟೆಸ್ಟೆಂಟರು ತಮ್ಮ ನಿಲುವನ್ನು ‘ಗ್ರಂಥ ಮಾತ್ರ’ ಎಂಬ ಎರಡು ಪದಗಳಲ್ಲಿ ಹೇಳಿ ಮುಗಿಸಿದರು. ಕ್ಯಾಥೊಲಿಕರ ಉತ್ತರ ಅಷ್ಟು ಚಿಕ್ಕದಲ್ಲ, ನಾಲ್ಕು ಶತಮಾನಗಳಲ್ಲಿ ಅದು ಒಂದೇ ರೂಪದಲ್ಲೂ ಉಳಿಯಲಿಲ್ಲ. ಹೊರಗಿನವರಿಗೆ ಇದು ಪುಸ್ತಕಕ್ಕೂ ಸಂಪ್ರದಾಯಕ್ಕೂ ನಡೆದ ಜಗಳದಂತೆ ಕಾಣುವುದುಂಟು. ಆದರೆ ಬೈಬಲ್ ದೇವರ ವಾಕ್ಯವೆಂಬುದರಲ್ಲಿ ಎರಡು ಪಕ್ಷಕ್ಕೂ ಅನುಮಾನವಿರಲಿಲ್ಲ. ತಕರಾರು ಇದ್ದದ್ದು ಕೊನೆಯ ತೀರ್ಪು ಯಾರದೆಂಬುದರಲ್ಲಿ.

ಹಿನ್ನೆಲೆ

ಕ್ಯಾಥೊಲಿಕರು ಮುಂದೆ ಬಳಸಿದ ಆಯುಧಗಳಲ್ಲಿ ಹೆಚ್ಚಿನವು ಆದಿಕಾಲದಲ್ಲೇ ಸಿದ್ಧವಾಗಿದ್ದವು. 2ನೇ ಶತಮಾನದ ಕೊನೆಯಲ್ಲಿ ಲಿಯೋನ್‌ನ ಬಿಷಪ್ ಐರೇನಿಯಸ್, ತಮ್ಮಲ್ಲಿ ಗುಪ್ತಜ್ಞಾನವಿದೆ ಎನ್ನುತ್ತಿದ್ದ ನಾಸ್ಟಿಕರ ಎದುರು ಬಿಷಪರ ಅವಿಚ್ಛಿನ್ನ ಸರಣಿಯನ್ನೇ ಸಾಕ್ಷಿಯಾಗಿ ತಂದು ನಿಲ್ಲಿಸಿದ್ದ. ಧರ್ಮಸಭೆಯ ಅಧಿಕಾರ ಪ್ರೇರಿಸದಿದ್ದರೆ ತಾನು ಸುವಾರ್ತೆಯನ್ನೇ ನಂಬುತ್ತಿರಲಿಲ್ಲ ಎಂಬರ್ಥದ ಮಾತನ್ನು ಸಭಾಪಿತೃ ಆಗಸ್ಟೀನ್ ಮ್ಯಾನಿಕೀಯ ಪಂಥದವರಿಗೆ ಹೇಳಿದ್ದ. ಈ ಒಂದು ಮಾತನ್ನು ಎಳೆದಾಡದ ವಾದಗ್ರಂಥ ಎರಡೂ ಕಡೆ ಸಿಗುವುದು ಕಷ್ಟ. ಅದು ಇನ್ನೂ ಹೊರಗಿದ್ದವನ ಮಾತೇ ಹೊರತು ವಿಶ್ವಾಸಿಗೆ ಹಾಕಿಕೊಟ್ಟ ನಿಯಮವಲ್ಲ ಎಂಬುದು ಪ್ರೊಟೆಸ್ಟೆಂಟ್ ಸುಧಾರಕ ಕ್ಯಾಲ್ವಿನ್ ಮುಂದೆ ಕೊಟ್ಟ ಉತ್ತರ. ಎಲ್ಲೆಡೆ, ಎಲ್ಲ ಕಾಲದಲ್ಲಿ, ಎಲ್ಲರೂ ನಂಬಿದ್ದೇ ಸರಿಯಾದ ನಂಬಿಕೆ ಎಂಬ ಅಳತೆಗೋಲನ್ನು ಲೆರಿನ್ಸ್‌ನ ವಿನ್ಸೆಂಟ್ 434ರ ಸುಮಾರಿಗೆ ಕೊಟ್ಟ.

ಒಂದು ವಿಷಯ ಮಾತ್ರ ಇತ್ಯರ್ಥವಾಗದೆ ಉಳಿದಿತ್ತು: ಬಿಷಪರ ಮಹಾಸಭೆ ದೊಡ್ಡದೋ ಪೋಪ್ ದೊಡ್ಡವರೋ? 1414–18ರ ಕಾನ್‌ಸ್ಟನ್ಸ್ ಮಹಾಸಭೆ ಪೋಪರನ್ನೇ ಪದಚ್ಯುತಗೊಳಿಸಿತ್ತು. ಲೂಥರ್ ತಲೆಯೆತ್ತಿದಾಗ ‘ಧರ್ಮಸಭೆಯ ಅಧಿಕಾರ’ ಎಂದು ಗಟ್ಟಿಯಾಗಿ ಹೇಳುತ್ತಿದ್ದವರಿಗೆ ಆ ಅಧಿಕಾರ ನೆಲೆಸಿರುವುದು ಎಲ್ಲಿ ಎಂಬುದರಲ್ಲಿ ತಮ್ಮತಮ್ಮಲ್ಲೇ ಒಮ್ಮತವಿರಲಿಲ್ಲ.

ಲೈಪ್‌ಜಿಗ್, 1519

ಮಾರ್ಟಿನ್ ಲೂಥರ್ 1517ರಲ್ಲಿ ಎತ್ತಿದ್ದು ಪಾಪದಂಡನೆಯ ವಿಮೋಚನಾಪತ್ರಗಳ ಪ್ರಶ್ನೆ. ಅದನ್ನು ಅಧಿಕಾರದ ಪ್ರಶ್ನೆಯಾಗಿ ತಿರುಗಿಸಿದವನು ಇಂಗೋಲ್‌ಸ್ಟಾಟ್‌ನ ಪ್ರಾಧ್ಯಾಪಕ ಯೋಹಾನ್ ಎಕ್. ಲೈಪ್‌ಜಿಗ್‌ನ ಪ್ಲೈಸನ್‌ಬುರ್ಗ್ ಕೋಟೆಯಲ್ಲಿ 1519ರ ಜುಲೈಯಲ್ಲಿ ಇಬ್ಬರೂ ಎದುರುಬದುರಾದರು. ಎಕ್ ಹೂಡಿದ ವ್ಯೂಹ ಸರಳ: ನೀನು ಹೇಳುತ್ತಿರುವುದನ್ನೇ ಬೊಹೇಮಿಯದ ಯಾನ್ ಹುಸ್ ಹೇಳಿದ್ದ, ಕಾನ್‌ಸ್ಟನ್ಸ್ ಮಹಾಸಭೆ ಅವನನ್ನು ಖಂಡಿಸಿತು, 1415ರಲ್ಲಿ ಅವನನ್ನು ಸುಟ್ಟರು. ಲೈಪ್‌ಜಿಗ್‌ನಲ್ಲಿ ಈ ಮಾತಿಗೆ ಬೇರೆಯೇ ಮೊನೆಯಿತ್ತು. ಹುಸ್‌ನ ಪಕ್ಷದೊಡನೆ ಜಗಳವಾಗಿ ಪ್ರಾಗ್ ಬಿಟ್ಟುಬಂದ ಜರ್ಮನ್ ವಿದ್ವಾಂಸರೇ 1409ರಲ್ಲಿ ಲೈಪ್‌ಜಿಗ್ ವಿಶ್ವವಿದ್ಯಾಲಯವನ್ನು ಕಟ್ಟಿದ್ದರು. ಲೂಥರ್ ಮೊದಲು ಆರೋಪವನ್ನು ತಳ್ಳಿಹಾಕಿದ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಗ್ರಂಥಾಲಯಕ್ಕೆ ಹೋಗಿ ಆ ಮಹಾಸಭೆಯ ಕಡತಗಳನ್ನು ಓದಿದ. ಮರಳಿ ಬಂದವನು, ಖಂಡನೆಗೊಳಗಾದ ಹುಸ್‌ನ ವಾಕ್ಯಗಳಲ್ಲಿ ಕೆಲವು ಅಪ್ಪಟ ಕ್ರೈಸ್ತ ವಾಕ್ಯಗಳೇ ಎಂದುಬಿಟ್ಟ. ಎಂದರೆ ಮಹಾಸಭೆಯೂ ತಪ್ಪಬಹುದು. ಎಕ್‌ಗೆ ಬೇಕಾಗಿದ್ದುದೂ ಅದೇ.

ಕೆಲವು ದಿನಗಳ ಬಳಿಕ ಮಾತು ಸತ್ತವರ ಆತ್ಮಗಳು ಸ್ವರ್ಗಕ್ಕೆ ಮುನ್ನ ಶುದ್ಧಿಯಾಗುವ ‘ಶುದ್ಧೀಕರಣ ಸ್ಥಳ’ದತ್ತ ತಿರುಗಿತು. ಸತ್ತವರಿಗಾಗಿ ಪ್ರಾರ್ಥಿಸುವ ಪ್ರಸಂಗವಿರುವ ಮಕ್ಕಬಿಯರ ಎರಡನೆಯ ಗ್ರಂಥವನ್ನು ಎಕ್ ಮುಂದಿಟ್ಟ. ಆ ಪುಸ್ತಕ ಯೆಹೂದ್ಯರ ಅಧಿಕೃತ ಪಟ್ಟಿಯಲ್ಲಿಲ್ಲ, ಆದ್ದರಿಂದ ಪ್ರಮಾಣವಲ್ಲ ಎಂದ ಲೂಥರ್. ಕ್ಯಾಥೊಲಿಕ್ ಪಕ್ಷದ ಅತ್ಯಂತ ಗಟ್ಟಿಯಾದ ವಾದ ಹುಟ್ಟಿದ್ದು ಇಲ್ಲಿ ಎನ್ನಬೇಕು. ಯಾವ ಪುಸ್ತಕಗಳು ಬೈಬಲಿಗೆ ಸೇರಿವೆ ಎಂಬ ಪಟ್ಟಿ ಬೈಬಲಿನೊಳಗಿಲ್ಲ. ಪಟ್ಟಿಯನ್ನು ಕೊಟ್ಟದ್ದು ಪರಂಪರೆ, ಕಾಪಾಡಿದ್ದು ಧರ್ಮಸಭೆ. ಹಾಗಿದ್ದರೆ ‘ಗ್ರಂಥ ಮಾತ್ರ’ ಎನ್ನುವವರು ಗ್ರಂಥ ಯಾವುದೆಂದು ತಿಳಿದದ್ದು ಹೇಗೆ? ಗ್ರಂಥದ ಸತ್ಯ ಪವಿತ್ರಾತ್ಮನ ಅಂತರಂಗದ ಸಾಕ್ಷ್ಯದಿಂದ ತಾನೇ ಬೆಳಗುತ್ತದೆ ಎಂದು ಕ್ಯಾಲ್ವಿನ್ ಉತ್ತರಿಸಿದ. ಪ್ರೊಟೆಸ್ಟೆಂಟರ ಪ್ರತಿಪ್ರಶ್ನೆಯೂ ಅಷ್ಟೇ ಚುರುಕಾಗಿತ್ತು: ಧರ್ಮಸಭೆಗೆ ಅಧಿಕಾರವಿದೆಯೆಂದು ನಿಮಗೆ ತಿಳಿದದ್ದು ಎಲ್ಲಿಂದ? ಮತ್ತಾಯನ ಸುವಾರ್ತೆಯ 16ನೇ ಅಧ್ಯಾಯದಿಂದ, ಅಂದರೆ ಗ್ರಂಥದಿಂದಲೇ ತಾನೆ?

ಎಕ್ 1525ರಲ್ಲಿ ಪ್ರಕಟಿಸಿದ ‘ಎನ್ಕಿರಿಡಿಯೋನ್’ ವಾದಕ್ಕಿಳಿಯುವವರ ಕೈಪಿಡಿ. ಅದು ತೊಡಗುವುದೇ ಧರ್ಮಸಭೆಯ ಅಧಿಕಾರದಿಂದ. ಅದರ ಹಿಂದಿನ ವರ್ಷ ಕ್ಯಾಥೊಲಿಕ್ ವಿದ್ವಾಂಸ ಎರಾಸ್ಮಸ್, ಬೈಬಲಿನಲ್ಲಿ ಅಸ್ಪಷ್ಟ ಸ್ಥಳಗಳಿವೆ, ಅಲ್ಲಿ ಧರ್ಮಸಭೆಯ ತೀರ್ಮಾನಕ್ಕೆ ತಲೆಬಾಗುವುದು ಲೇಸು ಎಂದಿದ್ದ. ಲೂಥರ್ ಒಪ್ಪಲಿಲ್ಲ, ಗ್ರಂಥ ಸ್ಪಷ್ಟವಾಗಿಯೇ ಇದೆ ಎಂದ. 1529ರಲ್ಲಿ ಮಾರ್‌ಬುರ್ಗ್ ಕೋಟೆಯಲ್ಲಿ ಈ ಸ್ಪಷ್ಟತೆಗೆ ಪರೀಕ್ಷೆ ಒದಗಿತು. ಲೂಥರ್ ಮತ್ತು ಸ್ವಿಸ್ ಸುಧಾರಕ ಜ್ವಿಂಗ್ಲಿ 15 ವಿಷಯಗಳಲ್ಲಿ 14ಕ್ಕೆ ಒಪ್ಪಿದರು. ಉಳಿದದ್ದು ಕಡೆಯ ಭೋಜನದಲ್ಲಿ ಕ್ರಿಸ್ತ ತನ್ನ ಶರೀರವನ್ನು ಕುರಿತು ಆಡಿದ ಒಂದೇ ವಾಕ್ಯದ ಅರ್ಥ. ಲೂಥರ್ ಆ ವಾಕ್ಯವನ್ನು ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡು ಕೂತಿದ್ದನಂತೆ. ಒಂದೇ ಗ್ರಂಥ, ಒಂದೇ ವಾಕ್ಯ, ಇಬ್ಬರು ಪ್ರಾಮಾಣಿಕ ಓದುಗರು, ಎರಡು ಅರ್ಥ: ಮುಂದಿನ ಕ್ಯಾಥೊಲಿಕ್ ಲೇಖಕರು ಈ ಪ್ರಸಂಗವನ್ನು ಸುಲಭಕ್ಕೆ ಬಿಡಲಿಲ್ಲ. ಫ್ರಾನ್ಸಿನ ಬಿಷಪ್ ಬೊಸ್ಯುವೆ 1688ರಲ್ಲಿ ಪ್ರೊಟೆಸ್ಟೆಂಟ್ ಸಭೆಗಳ ಭಿನ್ನಾಭಿಪ್ರಾಯಗಳದೇ ಒಂದು ದೊಡ್ಡ ಚರಿತ್ರೆ ಬರೆದ.

ಟ್ರೆಂಟ್ ಮಹಾಸಭೆ

1545ರ ಡಿಸೆಂಬರ್ 13ರಂದು ಟ್ರೆಂಟ್‌ನಲ್ಲಿ ಸೇರಿದ ಮಹಾಸಭೆಯ ಆರಂಭದಲ್ಲಿದ್ದ ಬಿಷಪರು ಮೂವತ್ತರ ಆಸುಪಾಸು. ಗ್ರಂಥ ಮತ್ತು ಪರಂಪರೆಯನ್ನು ಕುರಿತ ಆದೇಶ ಹೊರಟದ್ದು 1546ರ ಏಪ್ರಿಲ್ 8ರಂದು, ನಾಲ್ಕನೆಯ ಅಧಿವೇಶನದಲ್ಲಿ. ದೈವೀ ಸತ್ಯ ಭಾಗಶಃ ಗ್ರಂಥದಲ್ಲೂ ಭಾಗಶಃ ಬರೆಯದ ಪರಂಪರೆಯಲ್ಲೂ ಇದೆ ಎಂದು ಕರಡು ಹೇಳಿತ್ತು. ಸರ್ವೈಟ್ ಸಂಘದ ಮುಖ್ಯಸ್ಥ ಬೊನುಚ್ಚೊ ಇದಕ್ಕೆ ಅಡ್ಡಬಂದ. ಪರಂಪರೆಗೆ ಗ್ರಂಥದಷ್ಟೇ ಗೌರವ ಎಂಬ ಮಾತನ್ನು ಕಿಯೋಜಾದ ಬಿಷಪ್ ನಕ್ಕಿಯಾಂತಿ ಕಟುವಾಗಿ ವಿರೋಧಿಸಿದ. ಅಂತಿಮ ಪಠ್ಯದಲ್ಲಿ ‘ಭಾಗಶಃ’ ಹೋಗಿ, ಬರೆದ ಗ್ರಂಥಗಳಲ್ಲಿ ‘ಮತ್ತು’ ಬರೆಯದ ಪರಂಪರೆಗಳಲ್ಲಿ ಎಂದಾಯಿತು. ಸಮಾನ ಗೌರವದ ಮಾತು ಹಾಗೆಯೇ ಉಳಿಯಿತು. ಬದಲಾವಣೆಯ ಕಾರಣವನ್ನು ಸಭೆ ವಿವರಿಸಲಿಲ್ಲ. ಅದರಿಂದಾಗಿ ಮುಂದಿನ ನಾಲ್ಕು ನೂರು ವರ್ಷ ಪಠ್ಯಪುಸ್ತಕಗಳು ‘ಭಾಗಶಃ’ ಇದ್ದಂತೆಯೇ ಪಾಠ ಹೇಳಿದವು. ಎಲ್ಲ ಸತ್ಯವೂ ಗ್ರಂಥದಲ್ಲಿದೆ, ಪರಂಪರೆ ಅದರ ಅರ್ಥವನ್ನು ಬಿಡಿಸುತ್ತದೆ ಎಂಬ ನಿಲುವಿಗೂ ಟ್ರೆಂಟ್ ಎಡೆ ಬಿಟ್ಟಿದೆ ಎಂದು ಜರ್ಮನ್ ಪಂಡಿತ ಗೈಸೆಲ್‌ಮನ್ 1950ರ ದಶಕದಲ್ಲಿ ವಾದಿಸಿದಾಗ ಅದು ಹೊಸ ಮಾತಿನಂತೆ ಕೇಳಿಸಿತು.

ಅದೇ ದಿನ ಪುಸ್ತಕಗಳ ಪಟ್ಟಿ ಸ್ಥಿರವಾಯಿತು, ಲ್ಯಾಟಿನ್ ಬೈಬಲ್ ‘ವುಲ್ಗಾತ’ ಅಧಿಕೃತವಾಯಿತು. ನಂಬಿಕೆ ಮತ್ತು ನಡತೆಯ ವಿಷಯದಲ್ಲಿ ಧರ್ಮಸಭೆಗಾಗಲಿ ಸಭಾಪಿತೃಗಳ ಒಮ್ಮತಕ್ಕಾಗಲಿ ವಿರುದ್ಧವಾಗಿ ಬೈಬಲಿಗೆ ಅರ್ಥ ಹೇಳಕೂಡದು ಎಂಬ ನಿಯಮವೂ ಬಂತು. ಈ ನಿಯಮ ಪ್ರೊಟೆಸ್ಟೆಂಟರನ್ನು ನೋಡಿ ಮಾಡಿದ್ದು. 1615ರಲ್ಲಿ ಕಾರ್ಡಿನಲ್ ಬೆಲ್ಲಾರ್ಮಿನೊ ಅದನ್ನೇ ಸೂರ್ಯ ನಿಂತಿದ್ದಾನೆ, ಭೂಮಿ ಸುತ್ತುತ್ತಿದೆ ಎನ್ನುವವರ ಮೇಲೆ ಪ್ರಯೋಗಿಸಿದರು.

ಬೆಲ್ಲಾರ್ಮಿನೊ ಮತ್ತು ಎದುರಾಳಿಗಳು

ಪ್ರೊಟೆಸ್ಟೆಂಟ್ ಕಡೆಯಿಂದ ಟ್ರೆಂಟ್‌ಗೆ ಬಂದ ಅತ್ಯುತ್ತಮ ಉತ್ತರ ಲೂಥರ್‌ಪಂಥದ ಮಾರ್ಟಿನ್ ಕೆಮ್ನಿಟ್ಸ್‌ನದು. 1565ರಿಂದ 1573ರವರೆಗೆ ಹೊರಬಂದ ಗ್ರಂಥದಲ್ಲಿ ಅವನು ಪರಂಪರೆಯನ್ನು ಸಾರಾಸಗಟಾಗಿ ತಳ್ಳಿಹಾಕಲಿಲ್ಲ. ಅದನ್ನು ಎಂಟು ಬಗೆಯಾಗಿ ವಿಂಗಡಿಸಿ ಏಳನ್ನು ಒಪ್ಪಿದ. ಬೈಬಲ್ ಪುಸ್ತಕಗಳ ಪಟ್ಟಿ ನಮಗೆ ತಲುಪಿದ ಪರಂಪರೆಯೂ ಆ ಏಳರಲ್ಲಿ ಸೇರಿತ್ತು. ಗ್ರಂಥದ ಯಾವ ಆಧಾರವೂ ಇಲ್ಲದ ಬೋಧನೆಯನ್ನು ಪರಂಪರೆಯ ಹೆಸರಿನಲ್ಲಿ ವಿಧಿಸುವ ಎಂಟನೆಯದನ್ನು ಮಾತ್ರ ಬಿಟ್ಟ.

ರೋಮ್‌ನಲ್ಲಿ 1576ರಿಂದ ವಿವಾದಶಾಸ್ತ್ರ ಬೋಧಿಸುತ್ತಿದ್ದ ಜೆಸ್ವಿಟ್ ರೊಬೆರ್ತೊ ಬೆಲ್ಲಾರ್ಮಿನೊ ತಮ್ಮ ಪಾಠಗಳನ್ನು 1586ರಿಂದ ಮೂರು ಸಂಪುಟಗಳಲ್ಲಿ ಅಚ್ಚುಮಾಡಿಸಿದರು. ಅವರ ರೀತಿ ನಮ್ಮ ಶಾಸ್ತ್ರಗ್ರಂಥಗಳದ್ದೇ: ಮೊದಲು ಪೂರ್ವಪಕ್ಷ, ಎದುರಾಳಿಯ ವಾದಗಳೆಲ್ಲ ಒಂದೊಂದಾಗಿ, ಆಮೇಲೆ ಸಿದ್ಧಾಂತ. ಅವರ ಮುಖ್ಯ ಯುಕ್ತಿ ನ್ಯಾಯಾಲಯದ್ದು. ಕಾನೂನಿನ ಪುಸ್ತಕ ಎಷ್ಟೇ ಪವಿತ್ರವಾಗಿರಲಿ, ತನ್ನ ಮುಂದೆ ಜಗಳವಾಡುವವರಲ್ಲಿ ಯಾರು ಸರಿ ಎಂದು ಅದು ಬಾಯಿಬಿಟ್ಟು ಹೇಳದು. ಕಣ್ಣಿಗೆ ಕಾಣುವ ನ್ಯಾಯಾಧೀಶನೊಬ್ಬ ಬೇಕು. ಶಿಶುಗಳಿಗೆ ದೀಕ್ಷಾಸ್ನಾನ ಕೊಡುವ ಪದ್ಧತಿಗೆ ಬೈಬಲಿನಲ್ಲಿ ನೇರ ಆಜ್ಞೆಯಿಲ್ಲ, ಆದರೂ ಲೂಥರ್ ಮತ್ತು ಕ್ಯಾಲ್ವಿನ್ ಅದನ್ನು ಉಳಿಸಿಕೊಂಡು, ಒಲ್ಲೆನೆಂದ ಅನಾಬ್ಯಾಪ್ಟಿಸ್ಟರನ್ನು ಖಂಡಿಸಿದ್ದರು. ಅಂದಮೇಲೆ ಪರಂಪರೆ ಬೇಡವೆನ್ನುವುದು ಹೇಗೆ ಎಂಬುದು ಕ್ಯಾಥೊಲಿಕರು ಮತ್ತೆಮತ್ತೆ ಹಾಕಿದ ಪಟ್ಟು. ಕೇಂಬ್ರಿಜ್‌ನ ವಿಲಿಯಂ ವಿಟಕರ್ 1588ರಲ್ಲಿ ಬೆಲ್ಲಾರ್ಮಿನೊಗೆ ಉತ್ತರ ಬರೆದ: ಧರ್ಮಸಭೆ ಗ್ರಂಥಕ್ಕೆ ಸಾಕ್ಷಿ ನುಡಿಯಬಲ್ಲದು, ಅದಕ್ಕೆ ಅಧಿಕಾರ ಕೊಡಲಾರದು.

ಬೆಲ್ಲಾರ್ಮಿನೊಗೆ ದೊಡ್ಡ ಇಕ್ಕಟ್ಟು ಬಂದದ್ದು ಸ್ವಪಕ್ಷದಿಂದ. ಐದನೆಯ ಸಿಕ್ಸ್ತುಸ್ ಪೋಪ್ ವುಲ್ಗಾತವನ್ನು ತಾವೇ ಕೂತು ತಿದ್ದಿ 1590ರಲ್ಲಿ ಪ್ರಕಟಿಸಿದರು, ಇದರಲ್ಲಿ ಯಾರೂ ಒಂದಕ್ಷರ ಬದಲಿಸಕೂಡದೆಂದು ಸಾರಿದರು. ಪಠ್ಯ ದೋಷಗಳಿಂದ ತುಂಬಿತ್ತು. ಆಗಸ್ಟ್‌ನಲ್ಲಿ ಪೋಪ್ ತೀರಿಕೊಂಡರು. ಪ್ರತಿಗಳನ್ನು ಹಿಂತೆಗೆದುಕೊಂಡು 1592ರಲ್ಲಿ ಹೊಸ ಮುದ್ರಣ ತಂದಾಗ ಬೆಲ್ಲಾರ್ಮಿನೊ ಬರೆದ ಮುನ್ನುಡಿ ತಪ್ಪನ್ನು ಅಚ್ಚಿನವರ ತಲೆಗೆ ಕಟ್ಟಿತು. ಆಕ್ಸ್‌ಫರ್ಡ್‌ನ ಥಾಮಸ್ ಜೇಮ್ಸ್ ಎರಡು ಮುದ್ರಣಗಳನ್ನೂ ಸಾಲುಸಾಲಾಗಿ ಹೋಲಿಸಿ, 1600ರಲ್ಲಿ ‘ಪೋಪರ ಯುದ್ಧ’ ಎಂಬರ್ಥದ ಹೆಸರಿನಲ್ಲಿ ವ್ಯತ್ಯಾಸಗಳ ಪಟ್ಟಿಯನ್ನೇ ಅಚ್ಚುಹಾಕಿಸಿದ. ಇಷ್ಟು ಸಾಲದೆಂಬಂತೆ, ಲೌಕಿಕ ವ್ಯವಹಾರದಲ್ಲಿ ಪೋಪರಿಗೆ ನೇರ ಅಧಿಕಾರವಿಲ್ಲ ಎಂದದ್ದಕ್ಕೆ ಬೆಲ್ಲಾರ್ಮಿನೊ ಅವರ ಮೊದಲ ಸಂಪುಟವನ್ನೇ ಸಿಕ್ಸ್ತುಸ್ ನಿಷಿದ್ಧ ಗ್ರಂಥಗಳ ಪಟ್ಟಿಗೆ ಸೇರಿಸಹೊರಟಿದ್ದರು. ಅವರ ಸಾವಿನಿಂದ ಅದು ತಪ್ಪಿತು.

ಇನ್ನೊಬ್ಬ ಕ್ಯಾಥೊಲಿಕ್ ಪಾದ್ರಿ ರಿಶಾರ್ ಸಿಮೋನ್ 1678ರಲ್ಲಿ ವಾದವನ್ನು ತುದಿ ಮುಟ್ಟಿಸಿದ. ಹಳೆಯ ಒಡಂಬಡಿಕೆಯ ಪಠ್ಯವೇ ನಕಲಿಂದ ನಕಲಿಗೆ ಬದಲಾಗಿದೆ, ಮೋಶೆ ಎಲ್ಲವನ್ನೂ ಬರೆದಿಲ್ಲ, ಹೀಗಾಗಿ ಪರಂಪರೆಯ ಆಸರೆಯಿಲ್ಲದೆ ಗ್ರಂಥ ಮಾತ್ರದಿಂದ ಏನೂ ನಿಲ್ಲದು ಎಂದ. ಪ್ರೊಟೆಸ್ಟೆಂಟರನ್ನು ಸೋಲಿಸಲು ಹೊರಟ ಈ ಪುಸ್ತಕವನ್ನು ಮುಟ್ಟುಗೋಲು ಹಾಕಿಸಿದವನು ಬೊಸ್ಯುವೆ. ಪರಂಪರೆಯನ್ನು ಎತ್ತಿಹಿಡಿಯಲು ಗ್ರಂಥವನ್ನು ಎಷ್ಟು ಸಡಿಲಿಸಬಹುದು ಎಂಬುದಕ್ಕೆ ಮಿತಿ ಇತ್ತು.

ಪರಂಪರೆಯಿಂದ ಪೋಪರತ್ತ

19ನೇ ಶತಮಾನಕ್ಕೆ ಚರಿತ್ರೆಯ ಅಧ್ಯಯನ ಬಲಿಯಿತು, ‘ಎಲ್ಲ ಕಾಲದಲ್ಲೂ ಎಲ್ಲರೂ’ ಎಂಬ ವಿನ್ಸೆಂಟನ ಅಳತೆಗೋಲಿನಲ್ಲಿ ಹಲವು ಬೋಧನೆಗಳು ತೂಗದಾದವು. ಜಾನ್ ಹೆನ್ರಿ ನ್ಯೂಮನ್ ಆಂಗ್ಲಿಕನ್ ಪಾದ್ರಿಯಾಗಿದ್ದಾಗ ಇದೇ ತೊಡಕಿಗೆ ಸಿಕ್ಕಿ, 1845ರಲ್ಲಿ ಬರೆದ ಪ್ರಬಂಧದಲ್ಲಿ ಬೋಧನೆ ಬೆಳೆಯುತ್ತದೆ ಎಂಬ ದಾರಿ ಕಂಡುಕೊಂಡರು, ಆ ಅಕ್ಟೋಬರಿನಲ್ಲೇ ಕ್ಯಾಥೊಲಿಕರಾದರು. ಆದರೆ ಯಾವುದು ಬೆಳವಣಿಗೆ, ಯಾವುದು ವಿಕಾರ ಎಂದು ಹೇಳಲು ಮತ್ತೆ ನ್ಯಾಯಾಧೀಶ ಬೇಕಾಯಿತು. 1870ರ ಜುಲೈ 18ರಂದು ಮೊದಲ ವ್ಯಾಟಿಕನ್ ಮಹಾಸಭೆ, ವಿಧಿವತ್ತಾಗಿ ಸಾರುವ ಬೋಧನೆಯಲ್ಲಿ ಪೋಪ್ ತಪ್ಪಲಾರರು ಎಂದು 533 ಮತಗಳಿಂದ ತೀರ್ಮಾನಿಸಿತು; ವಿರುದ್ಧ ಬಿದ್ದದ್ದು 2. ವಿರೋಧಿಗಳಲ್ಲಿ ಬಹುಮಂದಿ ಮತದಾನಕ್ಕೆ ಮೊದಲೇ ರೋಮ್ ಬಿಟ್ಟಿದ್ದರು. ಒಪ್ಪದ ಮ್ಯೂನಿಕ್‌ನ ಚರಿತ್ರಕಾರ ಡ್ಯೊಲಿಂಗರ್‌ಗೆ ಮರುವರ್ಷ ಬಹಿಷ್ಕಾರವಾಯಿತು. ಕಾನ್‌ಸ್ಟನ್ಸ್ ಕಾಲದಿಂದ ಬಾಕಿಯಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿತು, ಆದರೆ ಪರಂಪರೆಯ ಪರವಾಗಿ ಶುರುವಾದ ವಾದ ಪರಂಪರೆಗಿಂತ ಪೋಪ್ ಮತ್ತು ಬಿಷಪರ ಬೋಧನಾಧಿಕಾರಕ್ಕೇ ಹೆಚ್ಚು ಒತ್ತುಕೊಟ್ಟು ನಿಂತಿತು.

ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ, ಗ್ರಂಥ ಮತ್ತು ಪರಂಪರೆಯನ್ನು ಎರಡು ಮೂಲಗಳೆಂದೇ ಹೇಳುವ ‘ಪ್ರಕಟನೆಯ ಮೂಲಗಳು’ ಎಂಬ ಕರಡು 1962ರ ನವೆಂಬರ್‌ನಲ್ಲಿ ಚರ್ಚೆಗೆ ಬಂತು. ಚರ್ಚೆ ನಿಲ್ಲಿಸಿ ಎಂದವರು 1,368, ಬೇಡವೆಂದವರು 822. ಮೂರನೇ ಎರಡರಷ್ಟು ಬಹುಮತಕ್ಕೆ ಸ್ವಲ್ಪ ಕೊರತೆ. ಪೋಪ್ 23ನೆಯ ಜಾನ್ ತಾವೇ ಕರಡನ್ನು ಹಿಂದಕ್ಕೆ ತೆಗೆಸಿದರು. 1965ರ ನವೆಂಬರ್ 18ರಂದು ಅಂಗೀಕಾರವಾದ ‘ದೇಯಿ ವೆರ್ಬುಮ್’ ಗ್ರಂಥವನ್ನೂ ಪರಂಪರೆಯನ್ನೂ ಒಂದೇ ಒರತೆಯಿಂದ ಹರಿದ ಒಂದೇ ನಿಧಿಯೆಂದು ಕರೆದು, ಬೋಧನಾಧಿಕಾರ ದೇವರ ವಾಕ್ಯಕ್ಕಿಂತ ಮೇಲಿನದಲ್ಲ, ಅದರ ಸೇವೆಯಲ್ಲಿದೆ ಎಂದಿತು. ಅಧಿಕೃತವಾಗಿ ಅರ್ಥ ಹೇಳುವ ಹೊಣೆ ಆ ಬೋಧನಾಧಿಕಾರದ್ದು ಮಾತ್ರ ಎಂಬ ಮಾತು ಅದೇ ಪರಿಚ್ಛೇದದಲ್ಲಿದೆ.

ಕನ್ನಡ ಕರಾವಳಿಯಲ್ಲಿ

ಈ ವಾದದ ನೆರಳು ಇಲ್ಲಿಯ ಅಚ್ಚಿನ ಪುಸ್ತಕಗಳ ಮೇಲೂ ಬಿದ್ದಿದೆ. ದೇಶಭಾಷೆಯ ಬೈಬಲ್ ಓದಲು ಲಿಖಿತ ಅನುಮತಿ ಬೇಕು ಎಂದು ರೋಮ್ 1564ರಲ್ಲಿ ನಿಯಮ ಮಾಡಿತ್ತು. ಗೋವೆಯ ಜೆಸ್ವಿಟ್ ಥಾಮಸ್ ಸ್ಟೀಫನ್ಸ್ 1616ರಲ್ಲಿ ಅಚ್ಚುಮಾಡಿಸಿದ್ದು ಬೈಬಲಿನ ಅನುವಾದವಲ್ಲ, ಮರಾಠಿ–ಕೊಂಕಣಿ ಮಿಶ್ರ ನುಡಿಯಲ್ಲಿ ಅದರ ಕಥೆ ಹೇಳುವ, ಹತ್ತು ಸಾವಿರಕ್ಕೂ ಹೆಚ್ಚು ಪದ್ಯಗಳ ‘ಕ್ರಿಸ್ತಪುರಾಣ’. ಅದರ ಹೆಸರಾಂತ ಆವೃತ್ತಿ ಮಂಗಳೂರಿನಲ್ಲಿ 1907ರಲ್ಲಿ ಹೊರಬಂತು. ಪ್ರೊಟೆಸ್ಟೆಂಟರ ಆದ್ಯತೆ ಬೇರೆ: ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕೈಹಾಕಿದ ಮೊದಲ ದೊಡ್ಡ ಕೆಲಸ ಕನ್ನಡ ಬೈಬಲ್, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಕೂಡ ಕನ್ನಡ, ತುಳು ಅನುವಾದಗಳಿಗೆ ಕೈಹಚ್ಚಿತು.

ಅನುವಾದದ ಮಟ್ಟಿಗೆ ಎರಡು ಪಕ್ಷಗಳೂ ಒಂದೇ ಮೇಜಿಗೆ ಬಂದದ್ದು 1968ರಲ್ಲಿ, ವ್ಯಾಟಿಕನ್ ಮತ್ತು ಬೈಬಲ್ ಸೊಸೈಟಿಗಳ ಒಕ್ಕೂಟ ಜಂಟಿ ಮಾರ್ಗಸೂಚಿ ಹೊರಡಿಸಿದಾಗ. ಮಕ್ಕಬಿಯರ ಗ್ರಂಥದಂಥ ವಿವಾದದ ಪುಸ್ತಕಗಳನ್ನು ಹೊಸ ಒಡಂಬಡಿಕೆಗೆ ಮುಂಚೆ ಪ್ರತ್ಯೇಕ ಭಾಗವಾಗಿ ಅಚ್ಚುಮಾಡುವ ಕ್ರಮಕ್ಕೆ ಒಪ್ಪಿಗೆಯಾಯಿತು. ಲೂಥರ್ 1534ರ ಜರ್ಮನ್ ಬೈಬಲಿನಲ್ಲಿ ಅವನ್ನು ಇರಿಸಿದ್ದೂ ಅಲ್ಲಿಯೇ. ಪಟ್ಟಿಯಲ್ಲಿ ಒಮ್ಮತ ಬಂದಿಲ್ಲ: ಕ್ಯಾಥೊಲಿಕರಿಗೆ 73 ಪುಸ್ತಕ, ಪ್ರೊಟೆಸ್ಟೆಂಟರಿಗೆ 66.